ಯಾರಿಗೂ ಕಳಿಸಬೇಡಿ

ಹತ್ತು ದಿನಗಳಿಂದ ಮಗುವಿನ ಅಮ್ಮ ನಾದಿನಿಗೆ ಫೋನ್ ಮಾಡಿರಲಿಲ್ಲ. ನಾದಿನಿಯ ಹೊಸ ಹಾಡು ಪುಕ್ಕಟೆಯಾಗಿ ಲೋಕವೆಲ್ಲ ಸುತ್ತುತ್ತಿತ್ತು. ಅದನ್ನು ಹೊಸ್ತಿಲು ದಾಟಿಸಿದವಳು ತಾನೇ ಎಂಬುದು ನಾದಿನಿಗಿನ್ನೂ ಗೊತ್ತಿರಲಿಲ್ಲ.

ನಾದಿನಿ ಗಾಯಕಿ. ಎರಡು ವರ್ಷ ಒದ್ದಾಡಿ ತನ್ನ ಮೊದಲ ಲಾಲಿಹಾಡು ಕಟ್ಟಿದ್ದಳು. ಅಣ್ಣನ ಮಗು ಮಧ್ಯಾಹ್ನ ಮಲಗಲು ರಂಪ ಮಾಡುತ್ತದೆಂದು, ಬಿಡುಗಡೆಗೆ ಮುಂಚೆಯೇ ಅದನ್ನು ಅತ್ತಿಗೆಯ ಫೋನಿಗೆ ಹಾಕಿಕೊಟ್ಟಿದ್ದಳು. ಎರಡನೇ ಸಾಲಿಗೇ ಮಗು ಗೊರಕೆ! ಈ ಪವಾಡವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಯಾವ ತಾಯಿಯಿಂದ ಸಾಧ್ಯ? ನಿದ್ದೆಗೆಟ್ಟು ಕಣ್ಣು ಗುಳಿಬಿದ್ದಿದ್ದ ಎದುರು ಮನೆಯವಳಿಗೆ ಕಳಿಸಿದಳು. ಜೊತೆಗೊಂದು ಒಕ್ಕಣೆ: 'ದಯವಿಟ್ಟು ಯಾರಿಗೂ ಕಳಿಸಬೇಡಿ.'

ಎದುರು ಮನೆಯವಳು ನಿಯತ್ತಿನ ಹೆಂಗಸು. ತನ್ನ ತಂಗಿಗೆ ಕಳಿಸುವಾಗ ಒಕ್ಕಣೆಯನ್ನೂ ಸೇರಿಸಿಯೇ ಕಳಿಸಿದಳು. ತಂಗಿಯೂ ಅಷ್ಟೇ ನಿಯತ್ತಿನವಳು. ಹೀಗೆ ಸಾವಿರಾರು ತಾಯಂದಿರು ಯಾರಿಗೂ ಕಳಿಸಬಾರದೆಂದು ಒಬ್ಬರಿಗೊಬ್ಬರು ತಾಕೀತು ಮಾಡುತ್ತಲೇ ಕಳಿಸಿ, ಹಾಡು ಇಂಟರ್ನೆಟ್ಟಿನ ಕಳ್ಳ ತಾಣಗಳಲ್ಲಿ ಹೋಗಿ ಬೀಡುಬಿಟ್ಟಿತು. ನಾದಿನಿ ವಿಧಿವತ್ತಾಗಿ ಬಿಡುಗಡೆ ಮಾಡಿದ ದಿನ ಕೇಳಿದವರು ಹನ್ನೊಂದು ಜನ. ಅರ್ಧಕ್ಕರ್ಧ ನೆಂಟರು.

"ಫೋನ್ ಮಾಡಿ ಹೇಳಿಬಿಡೇ," ಎಂದ ಗಂಡ.

"ಹೇಳ್ತೀನ್ರೀ. ಮೊದಲು ಇಂಟರ್ನೆಟ್ಟನ್ನ ಒಂದ್ಸಲ ಗುಡಿಸಿ ಒರೆಸಿಬಿಡ್ತೀನಿ. ಒಂದು ಕಳ್ಳಪ್ರತಿ ಉಳಿಯಬಾರದು."

"ಅದೇನು ನಮ್ಮ ಅಡುಗೆಮನೆನಾ?"

"ನೀವು ಅಡುಗೆಮನೆ ಒರೆಸಿದ್ದು ಯಾವಾಗ, ಹೇಳಿ ನೋಡೋಣ?"

ಗಂಡ ಪತ್ರಿಕೆಯ ಹಿಂದೆ ತಲೆಮರೆಸಿಕೊಂಡ.

ಮಗುವನ್ನು ಕಾಲ ಮೇಲೆ ಹಾಕಿಕೊಂಡು ಅವಳು ಬೇಟೆಗಿಳಿದಳು. ಕಳ್ಳ ತಾಣಗಳಿಗೆ ದೂರು ಕೊಡಲು ವಿಳಾಸವೇ ಇಲ್ಲ. ಒಂದು ಮುಚ್ಚಿತೆಂದು ಹಿಗ್ಗುವಷ್ಟರಲ್ಲಿ ಅದೇ ತಾಣ ಹೆಸರು ಬದಲಿಸಿಕೊಂಡು ಪಕ್ಕದಲ್ಲೇ ಅಂಗಡಿ ತೆರೆಯುತ್ತಿತ್ತು. ದೂರು ಕೇಳುವ ಸೌಜನ್ಯವಿದ್ದದ್ದು ಒಂದೇ ಒಂದು ದೊಡ್ಡ ತಾಣಕ್ಕೆ. 'ಹಾಡಿಗೂ ನಿಮಗೂ ಏನು ಸಂಬಂಧ?' ಎಂದು ಅದು ಕೇಳಿತು. 'ಅತ್ತಿಗೆ' ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. 'ಮಾಲೀಕರು' ಎಂಬಲ್ಲಿ ಗುರುತು ಹಾಕಿ, ತನ್ನ ಹೆಸರು ಬರೆದು, ಫೋನಿನಲ್ಲಿದ್ದ ಹಾಡನ್ನು ಲಗತ್ತಿಸಿ, 'ಇದು ಎಲ್ಲಿ ಕಂಡರೂ ತೆಗೆದುಹಾಕಿ' ಎಂದು ಅಪ್ಪಣೆ ಕೊಡಿಸಿದಳು.

ಸಂಜೆಗೆ ಉತ್ತರ ಬಂತು: 'ನಿಮ್ಮ ದೂರಿನಂತೆ ಒಂದು ಪ್ರತಿಯನ್ನು ತೆಗೆದುಹಾಕಿದ್ದೇವೆ.'

"ನೋಡಿದ್ರಾ?" ಎಂದು ಗಂಡನ ಮೂಗಿನ ಮುಂದೆ ಹಿಡಿದಳು.

ಅವನು ಅದರಡಿ ಇದ್ದ ಹಾಡಿನ ವಿಳಾಸವನ್ನು ಎರಡು ಸಲ ಓದಿದ. "ಇದು ನನ್ನ ತಂಗಿಯೇ ಆ ತಾಣದಲ್ಲಿ ಬಿಡುಗಡೆ ಮಾಡಿದ ಪ್ರತಿ ಕಣೇ. ಕಳ್ಳರೆಲ್ಲ ಇದ್ದಲ್ಲೇ ಇದ್ದಾರೆ. ನೀನು ಯಜಮಾನಿಯನ್ನೇ ಮನೆಯಿಂದ ಆಚೆ ಹಾಕಿಸಿದ್ದೀಯ."

ಅವಳ ಗುಡಿಸುವ ಹುಮ್ಮಸ್ಸು ಅಲ್ಲಿಗೇ ಮುಗಿಯಿತು. ನಾದಿನಿಗೆ ಫೋನ್ ಮಾಡಿದಳು.

"ಅಯ್ಯೋ ಅತ್ತಿಗೆ, ನಾನೇ ಮಾಡೋಣ ಅಂತಿದ್ದೆ," ಎಂದಳು ನಾದಿನಿ. "ಯಾರೋ ನನ್ನ ಹಾಡನ್ನೇ ತೆಗೆಸಿಬಿಟ್ಟಿದ್ದಾರೆ. ಮಾಲೀಕರು ಅಂತ ನಿಮ್ಮ ಹೆಸರು ಹಾಕಿದ್ದಾರೆ ನೋಡಿ. ಪಾಪ, ನಿಮ್ಮ ಹೆಸರನ್ನೂ ಬಿಟ್ಟಿಲ್ಲ ಖದೀಮರು. ನೀವು ಹುಷಾರಾಗಿರಿ, ಆಯ್ತಾ?"

ಬೈಗುಳಕ್ಕೆ ಎದೆ ಗಟ್ಟಿ ಮಾಡಿಕೊಂಡಿದ್ದವಳಿಗೆ ಈ ಕಾಳಜಿಯನ್ನು ತಡೆದುಕೊಳ್ಳಲಾಗಲಿಲ್ಲ.

"ಖದೀಮರಲ್ಲ ಕಣೇ, ಒಬ್ಬಳೇ," ಎಂದಳು. "ಸ್ವಲ್ಪ ಕೂತ್ಕೋ. ನಿಂತ್ಕೊಂಡು ಕೇಳೋ ಕಥೆಯಲ್ಲ ಇದು."