ಇನ್ನೂರು ಬಾರ್ ಮಡಿಗಾಳಿ

ಬೇರೆ ಗಂಡಂದಿರು ಹೆಂಡತಿಯ ಕೈಯ ಸೌಟಿಗೆ ಹೆದರುತ್ತಾರೆ. ನನ್ನ ಹೆಂಡತಿ ಚೂಡಾಮಣಿಯ ಕೈಯಲ್ಲಿರುವುದು ಏರ್ ರೈಫಲ್. ಹತ್ತು ಮೀಟರ್ ದೂರದ ಸಾಸಿವೆ ಗಾತ್ರದ ಚುಕ್ಕೆಗೆ ಗುರಿಯಿಟ್ಟು ಹೊಡೆಯುತ್ತಾಳೆ. (ನಮ್ಮ ನಡುಮನೆಯ ಉದ್ದ ಹದಿನಾಲ್ಕೇ ಅಡಿ. ನನ್ನ ಪರಿಸ್ಥಿತಿ ನೀವೇ ಊಹಿಸಿಕೊಳ್ಳಿ.)

ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದ ಹೆಂಗಸರು ಯೋಗಕ್ಕೋ ವೀಣೆಗೋ ಸೇರುವುದು ನಮ್ಮ ಚಾಮರಾಜಪೇಟೆಯ ವಾಡಿಕೆ. ಇವಳು ಮತ್ತಿಕೆರೆಯ ರೈಫಲ್ ರೇಂಜಿಗೆ ಸೇರಿದಳು. ನಲವತ್ತು ವರ್ಷ ರಂಗೋಲಿ ಎಳೆದ ಕೈ ನೋಡಿ, ಒಂದಿಷ್ಟೂ ಅಲುಗುವುದಿಲ್ಲ. ಆದರೆ ಪಂದ್ಯ ಎಂದರೆ ಕೊನೆಯ ಹತ್ತು ಗುಂಡುಗಳಿಗೆ ನಡುಕ ಹತ್ತುತ್ತಿತ್ತು. ಮೂರು ಸಲ ನಾಲ್ಕನೆಯ ಸ್ಥಾನ ಬಂದು, ಮೂರು ಸಲವೂ ಅಡುಗೆಮನೆಯಲ್ಲಿ ಸದ್ದಿಲ್ಲದೆ ಅತ್ತಿದ್ದಳು.

ಆ ರೈಫಲ್ ಓಡುವುದು ಗಾಳಿಯ ಮೇಲೆ. ಅದರ ಸಿಲಿಂಡರಿಗೆ ಇನ್ನೂರು ಬಾರ್ ಒತ್ತಡದ ಗಾಳಿ ತುಂಬಬೇಕು. ಅಂದರೆ ಕಾರಿನ ಟೈರಿಗಿಂತ ಹೆಚ್ಚುಕಡಿಮೆ ತೊಂಬತ್ತು ಪಟ್ಟು. ("ಇನ್ನೂರು ಬಾರಾ? ಒಂದೇ ರಸ್ತೇಲಾ?" ಎಂದು ಪಕ್ಕದ ಮನೆ ಶೀನಣ್ಣ ಗಾಬರಿಯಾಗಿದ್ದ.) ತುಂಬಿಕೊಡುವ ಕೋಚ್ ಮಹಾಶಯರು ಸದಾ "ನಾಳೆ ಬನ್ನಿ ಸಾರ್" ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಒತ್ತಡದ ಪಾಠ ಮಾಡಿದ ನನಗೆ ರೇಗಿಹೋಯಿತು. ನಾನೇ ಒಂದು ಹೈ ಪ್ರೆಷರ್ ಕಂಪ್ರೆಸರ್ ತಂದು ಹಿತ್ತಲ ವರಾಂಡದಲ್ಲಿ ಪ್ರತಿಷ್ಠಾಪಿಸಿದೆ.

ಎಂಬತ್ತೆರಡರ ನಮ್ಮಮ್ಮ ಶಕುಂತಲಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಗ್ರೈಂಡರ್ ಏನೋ ವೇಣು?"

"ಅಲ್ಲಮ್ಮ, ಗಾಳಿ ತುಂಬೋ ಯಂತ್ರ."

"ಹೊರಗಡೆ ಇಷ್ಟೊಂದು ಗಾಳಿ ಬಿಟ್ಟಿ ಬಿದ್ದಿದೆ. ಹಿಡಿದು ಕೂಡಿಹಾಕೋ ಕರ್ಮ ಏನೋ?"

ಯಂತ್ರ ಸಾಕುವುದು ಹಸು ಸಾಕಿದ ಹಾಗೆ. ಬಿಸಿಯಾಗದಂತೆ ಪಕ್ಕದಲ್ಲಿ ಬಕೆಟ್ ನೀರು ಇಟ್ಟು ಪೈಪಿನಲ್ಲಿ ಹರಿಸುತ್ತಿರಬೇಕು. ಎಣ್ಣೆ ಬದಲಿಸಬೇಕು. ಐದೈದು ನಿಮಿಷಕ್ಕೆ ತಿರುಪು ಸಡಿಲಿಸಿ ಒಳಗೆ ಕೂಡಿದ ತೇವವನ್ನು 'ಬುಸ್' ಎಂದು ಬಿಡಬೇಕು. ಆ ತೇವವನ್ನು ಹೀರುವ ಫಿಲ್ಟರಿನ ಹತ್ತಿಯನ್ನು ಆಗಾಗ ಬದಲಿಸಬೇಕು. ಆರು ತಿಂಗಳು ಈ ಸೇವೆಯನ್ನು ಏಕಾಂಗಿಯಾಗಿ ನಡೆಸಿದೆ. ಅಮ್ಮ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಾ ನೋಡುತ್ತಿದ್ದರು.

ಬಂತು ಆಯುಧಪೂಜೆ. ಮಾರನೆಯ ದಿನ, ವಿಜಯದಶಮಿ ಬೆಳಿಗ್ಗೆ ಹತ್ತಕ್ಕೆ, ಹಿರಿಯ ಮಹಿಳೆಯರ ದಸರಾ ಪಂದ್ಯ. ಸಿಲಿಂಡರನ್ನು ಪೂಜೆಯ ಹಿಂದಿನ ದಿನವೇ ಭರ್ತಿ ತುಂಬಿಟ್ಟಿದ್ದೆ. ಪೂಜೆಯ ದಿನ ಬೆಳಿಗ್ಗೆ ಎದ್ದವನೇ ಯಂತ್ರವನ್ನು ಒರೆಸುತ್ತಾ ನೋಡಿದರೆ ಫಿಲ್ಟರಿನ ಹತ್ತಿ ಕಪ್ಪಾಗಿದೆ, ಹೊಸದು ಮುಗಿದಿದೆ, ಹಬ್ಬಕ್ಕೆ ಅಂಗಡಿಗಳೆಲ್ಲ ಬಂದ್. ದೇವರ ಗೂಡಿನಲ್ಲಿ ಅಮ್ಮನ ಹತ್ತಿಯ ಡಬ್ಬಿ ಕಂಡಿತು. ಒಂದು ಹಿಡಿ ಎತ್ತಿ ತುರುಕಿದೆ. (ಸ್ನಾನ ಆಗಿರಲಿಲ್ಲ. ಇದು ನಮ್ಮನಿಮ್ಮಲ್ಲೇ ಇರಲಿ.)

ಪೂಜೆ ಸಾಂಗವಾಯಿತು. ರೈಫಲ್, ಕಂಪ್ರೆಸರ್, ಸ್ಕೂಟರ್, ಮಿಕ್ಸಿ ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ಪ್ರಸಾದಕ್ಕೆ ಬಂದ ಶೀನಣ್ಣ ಕಡಲೆಕಾಳು ಉಸಲಿ ತಿನ್ನುತ್ತಾ ಕೆಣಕಿದ.

"ಇಷ್ಟು ಪುಟ್ಟ ಸಿಲಿಂಡರಲ್ಲಿ ಅದೇನು ಮಹಾ ಗಾಳಿ ಇರುತ್ತೆ ಮೇಷ್ಟ್ರೇ?"

ಮೇಷ್ಟರಿಗೆ ಇಂಥ ಪ್ರಶ್ನೆ ಕೇಳಬಾರದು. ಚೂಡಾಮಣಿ ಒಳಗೆ ತಾಂಬೂಲ ಜೋಡಿಸುತ್ತಿದ್ದಳು. ಸಿಲಿಂಡರಿನ ಗಾಳಿ ಬಿಡುವ ತಿರುಪನ್ನು ಚೂರೇ ಚೂರು ತಿರುಗಿಸಿದೆ. ಅದು ಸಿಕ್ಕಿಹಾಕಿಕೊಂಡಿತು. ಬುಸ್ಸೆಂದು ಹೊರಟ ಗಾಳಿಗೆ ಎದುರಿಗಿದ್ದ ಕುಂಕುಮದ ಬಟ್ಟಲು ಹಾರಿತು, ದೀಪ ಆರಿತು, ಶೀನಣ್ಣನ ಬಿಳಿ ಜುಬ್ಬ ಮತ್ತು ಅರ್ಧ ಗೋಡೆ ಕೆಂಪಾದವು. ಸದ್ದು ನಿಂತಾಗ ಸಿಲಿಂಡರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ನಮ್ಮಲ್ಲಿದ್ದದ್ದು ಅದೊಂದೇ ಸಿಲಿಂಡರ್.

ಚೂಡಾಮಣಿ ಬಾಗಿಲಲ್ಲಿ ನಿಂತಿದ್ದಳು.

"ರೀ, ನಾಳೆ ನಾನು ಬಾಯಲ್ಲಿ ಊದ್ಲಾ?"

"ಅರ್ಧ ಗಂಟೆ ಕಣೇ, ಈಗಲೇ ತುಂಬಿಬಿಡ್ತೀನಿ!" ಎಂದು ಸ್ವಿಚ್ಚಿನ ಕಡೆ ಹಾರಿದೆ.

"ಮುಟ್ಟಿದ್ರೆ ನೋಡು!" ಅಮ್ಮನ ಧ್ವನಿ. "ಪೂಜೆಗೆ ಇಟ್ಟ ಆಯುಧ ಅದು. ನಾಳೆ ಪುನಃಪೂಜೆ ಮಾಡಿ ಕದಲಿಸೋವರೆಗೂ ಕೈ ಹಚ್ಚೋ ಹಾಗಿಲ್ಲ."

ಅಮ್ಮನ ಪುನಃಪೂಜೆ ಎಂದರೆ ಹನ್ನೊಂದು ಗಂಟೆ. ಪಂದ್ಯ ಹತ್ತಕ್ಕೆ. ಕೋಚಿಗೆ ಫೋನ್ ಮಾಡಿದೆ. ಅವರು ಜಂಬೂಸವಾರಿ ನೋಡಲು ಮೈಸೂರಿಗೆ ಹೋಗಿದ್ದರು. ಚೂಡಾಮಣಿ ಬೈಯಲಿಲ್ಲ. ರೈಫಲನ್ನು ದೂರದಿಂದಲೇ ಒಮ್ಮೆ ನೋಡಿ, "ಹೋಗ್ಲಿ ಬಿಡಿ, ಹೋದ್ರೂ ನಾಲ್ಕನೇ ಸ್ಥಾನ ತಾನೇ" ಎಂದು ಒಳಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು.

ಬೆಳಿಗ್ಗೆ ಐದೂವರೆಗೆ 'ಗುರ್ರ್' ಸದ್ದಿಗೆ ಎಚ್ಚರವಾಯಿತು. ವರಾಂಡಕ್ಕೆ ಓಡಿದೆ. ಅಮ್ಮ ಒದ್ದೆ ಕೂದಲಿಗೆ ಗಂಟು ಹಾಕಿ, ಮಡಿಸೀರೆಯುಟ್ಟು ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಪುನಃಪೂಜೆ ಮುಗಿದಿತ್ತು. ಬಕೆಟ್ಟಿನಲ್ಲಿ ನೀರಿತ್ತು. ಬಾಯಲ್ಲಿ ದೇವಿಯ ಸ್ತೋತ್ರ ನಡೆದಿತ್ತು. ಒಂದಾವರ್ತಿ ಮುಗಿಯುತ್ತಲೇ ತಿರುಪು ಸಡಿಲಿಸಿ 'ಬುಸ್' ಎಂದು ತೇವ ಬಿಟ್ಟರು. ಮತ್ತೆ ಮೊದಲಿಂದ ಸ್ತೋತ್ರ. ಗಡಿಯಾರ ನೋಡಿದೆ. ಸರಿಯಾಗಿ ಐದು ನಿಮಿಷ!

"ಅಮ್ಮಾ, ನಿನಗೆ ಇದೆಲ್ಲ ಹೇಗೆ..."

"ಆರು ತಿಂಗಳಿಂದ ಎದುರಿಗೆ ಕೂತು ನೋಡ್ತಿದೀನಲ್ಲೋ. ದಶಮಿ ದಿನ ಆಯುಧ ಇಳಿಸೋದು ಯಾತಕ್ಕೆ ಹೇಳು ಮೇಷ್ಟ್ರೇ? ಗೆದ್ದು ಬರೋಕೆ! ಚೂಡಾನ ಎಬ್ಬಿಸು, ಹೋಗು."

ಮುಳ್ಳು ಇನ್ನೂರಕ್ಕೆ ಬಂದು ನಿಂತಿತು. ಚೂಡಾಮಣಿ ಅತ್ತೆಯ ಕಾಲಿಗೆ ಬಿದ್ದಳು. ನಾನು ಸ್ಕೂಟರ್ ತೆಗೆದೆ.

ರೇಂಜಿನಲ್ಲಿ ಮೊದಲ ಗುಂಡು ಹಾರಿತು. ಟಪ್! ಜೊತೆಗೆ ಘಮ್ಮೆಂದು ಪಚ್ಚಕರ್ಪೂರದ ವಾಸನೆ. ಎರಡನೆಯದು, ಮೂರನೆಯದು, ಪ್ರತಿ ಗುಂಡಿಗೂ ಒಂದೊಂದು ಮಂಗಳಾರತಿ. ಅಂಪೈರು ಎದ್ದು, "ಯಾರ್ರೀ ಒಳಗಡೆ ಕರ್ಪೂರ ಹಚ್ಚಿರೋದು?" ಎಂದು ಕುರ್ಚಿಗಳ ಕೆಳಗೆಲ್ಲ ಹುಡುಕಿದರು. ನನಗೆ ಮಾತ್ರ ಥಟ್ಟನೆ ಹೊಳೆಯಿತು. ಅಮ್ಮ ಪಚ್ಚಕರ್ಪೂರವನ್ನು ಆವಿಯಾಗದಂತೆ ಸುತ್ತಿಡುತ್ತಿದ್ದದ್ದು ಆ ಡಬ್ಬಿಯ ಹತ್ತಿಯಲ್ಲಿ!

ಕೊನೆಯ ಹತ್ತು ಗುಂಡು. ಅವಳ ಕೈ ನೋಡಿದೆ. ನಡುಕವಿಲ್ಲ! ದೇವರ ಮುಂದೆ ದೀಪ ಹಚ್ಚುವವಳ ಹಾಗೆ ನಿಂತಿದ್ದಳು. ಹತ್ತೂ ಗುಂಡು ನಡುಚುಕ್ಕೆಯ ಸುತ್ತಲೇ ಕೂತವು. ಚಿನ್ನದ ಪದಕ! ನಾನು ಕೂಗಿದ ಕೂಗಿಗೆ ಪಕ್ಕದವರ ಕಾಫಿ ಚೆಲ್ಲಿತು, ಅದಕ್ಕೆ ಕ್ಷಮೆ ಕೇಳುವಷ್ಟು ವ್ಯವಧಾನವೂ ನನಗಿರಲಿಲ್ಲ.

ಕರ್ನಲ್ ಸಾಹೇಬರೊಬ್ಬರು ಬಂದು ಕೈಮುಗಿದರು. "ಮೇಡಂ, ಇದೆಂಥ ಗಾಳಿ? ಆ ವಾಸನೆಗೆ ನನ್ನ ಬಿ.ಪಿ.ನೂ ಇಳಿದುಹೋಯ್ತು!"

"ನಮ್ಮ ಅತ್ತೆ ತುಂಬಿದ್ದು ಸಾರ್. ಮಡೀಲಿ" ಎಂದಳು ಚೂಡಾಮಣಿ, ಕಣ್ಣೊರೆಸಿಕೊಳ್ಳುತ್ತಾ.

ಹತ್ತಿ ತುರುಕಿದ್ದು ನಾನು ಎಂದು ಹೇಳಲು ನಾಲಿಗೆ ತುದಿಗೆ ಬಂತು. ಹೇಳಿದರೆ ಮೈಲಿಗೆಯ ಕೈ ಹಾಕಿದ್ದನ್ನೂ ಹೇಳಬೇಕು. ನುಂಗಿಕೊಂಡೆ.

ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಗೇಟಿನಲ್ಲಿ ಐದು ಜನ ಸಿಲಿಂಡರ್ ಹಿಡಿದು ನಿಂತಿದ್ದರು. ಎಲ್ಲರಿಗಿಂತ ಮುಂದೆ ಕರ್ನಲ್ಲು. ಅಮ್ಮ ಸ್ಟೂಲ್ ಏರಿ, "ಕಾಲು ತೊಳ್ಕೊಂಡು ಬನ್ನಿ" ಎಂದು ಅಪ್ಪಣೆ ಕೊಡಿಸಿದರು. ಕಡೆಗೂ ನನ್ನ ಯಂತ್ರಕ್ಕೆ ಮರ್ಯಾದೆ ಬಂತಲ್ಲ ಎಂದು ಎದೆಯುಬ್ಬಿಸಿ ಸ್ವಿಚ್ಚಿಗೆ ಕೈ ಚಾಚಿದೆ.

"ಲೋ ವೇಣು, ಸ್ನಾನ ಆಯ್ತಾ?"

"ಇಲ್ಲಮ್ಮ, ಗೀಸರ್ ಇನ್ನೂ..."

"ಹಾಗಾದ್ರೆ ದೂರ ನಿಂತ್ಕೋ. ಚೂಡಾ, ನೀನು ಹಾಕಮ್ಮ."

ಬಚ್ಚಲಿಗೆ ಓಡಿ ತಲೆಗೆ ತಣ್ಣೀರು ಸುರಿದುಕೊಳ್ಳುತ್ತಿದ್ದಾಗ ಹೊರಗೆ ಯಂತ್ರದ ಸದ್ದು, ಅದರ ಮೇಲೆ ಸ್ತೋತ್ರ, ಅದರ ಮೇಲೆ ಕರ್ನಲ್ಲರ ದನಿ ಕೇಳಿಸಿದವು.

"ಈಗ ಒಳಗೆ ಓಡಿದ್ರಲ್ಲ, ಅವರು ಯಾರು ಮೇಡಂ?"

"ನಮ್ಮನೆಯವರು" ಎಂದಳು ಚೂಡಾಮಣಿ. "ಪಾಪ, ಅವರಿಗೆ ಈ ಮೆಷಿನ್ ಎಲ್ಲ ಅಷ್ಟು ಗೊತ್ತಾಗಲ್ಲ."