ಬಾಗೇವಾಡಿ ಮೇಲಿಂದ ಹಾರಿದ ಹಿರಿಯ ಅಳಿಯ

“ಮನಿಶಾಂತಿಗೆ ಹೋದ್ರ ವಿಮಾನದಾಗ ಹೋಗೂದು! ಇಲ್ಲಂದ್ರ ಈ ಹಣಮಂತ್ರಾಯ ಹೊಸ್ತಿಲಾ ದಾಟಂಗಿಲ್ಲ!”

ಬಸವನ ಬಾಗೇವಾಡಿಯ ಭೂಗೋಳದ ಮಾಸ್ತರರು ಹೀಗೆ ಗುಡುಗಿದಾಗ ಹೆಂಡತಿ ವಿಜಯಶ್ರೀ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. ಮನಿಶಾಂತಿ ಇದ್ದದ್ದು ಕಲಬುರಗಿಯಲ್ಲಿ, ಅವಳ ಅಣ್ಣನ ಹೊಸ ಮನೆಯ ಗೃಹಪ್ರವೇಶ. ಬೆಳಿಗ್ಗೆ ಬಸ್ಸು ಹತ್ತಿದರೆ ನಾಲ್ಕು ತಾಸಿನ ದಾರಿ.

ಆದರೆ ಮಾಸ್ತರರ ಹೊಟ್ಟೆಗೆ ಬೆಂಕಿ ಬಿದ್ದಿತ್ತು! ಸಿಂದಗಿಯ ಷಡ್ಡಕ ಸಂಜೀವಕುಮಾರ, ಅಂದರೆ ವಿಜಯಶ್ರೀಯ ತಂಗಿಯ ಗಂಡ, ವಿಮಾನ ನಿಲ್ದಾಣದ ಮುಂದೆ ಕಪ್ಪು ಕನ್ನಡಕ ಹಾಕಿ ನಿಂತ ಫೋಟೊ ಕಳಿಸಿದ್ದ. ಅಂದಿನಿಂದ ಮಾವನ ಮನೆಯಲ್ಲಿ ಸಣ್ಣ ಅಳಿಯನದೇ ಜಯಜಯಕಾರ.

“ಬಾಗೇವಾಡ್ಯಾಗ ವಿಮಾನ ಎಲ್ಲೈತ್ರಿ?”

“ಬೆಳಗಾವ್ಯಾಗ ಐತಿ. ಮುನ್ನೂರು ಕಿಲೋಮೀಟರ್ ಹಾರಾಕ ಒಂದು ತಾಸೂ ಬ್ಯಾಡ!”

“ಬೆಳಗಾವಿ ಪಡುವಣಕ್ಕ, ಕಲಬುರಗಿ ಮೂಡಲಕ್ಕ. ನಾವು ನಡುವ ಅದೀವಿ!”

“ಭೂಗೋಳ ನನಗ ಕಲಸಬ್ಯಾಡ!”

ನಸುಕಿನಲ್ಲೇ ಬಾಡಿಗೆ ಕಾರು ಹೊರಟಿತು. ಬೆಳಗಾವಿ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದಿತ್ತು. ತಪಾಸಣೆಯವರು ಎಲಿಅಡಿಕೆ ಚೀಲದಿಂದ ಅಡಕೊತ್ತು ಕಿತ್ತಿಟ್ಟುಕೊಂಡರು. ವಿಮಾನವೋ, ಮದುಮಗಳಂತೆ ತಡಮಾಡಿ ಬಂತು. ಅಂತೂ ಏರಿತು! ಮಾಸ್ತರರು ಮೀಸೆ ತಿರುವುತ್ತಿದ್ದರು, ಅಷ್ಟರಲ್ಲಿ ಕಿಟಕಿಗೆ ಮೂಗು ಒತ್ತಿದ್ದ ವಿಜಯಶ್ರೀ ಚೀರಿದಳು.

“ರೀ, ಅದು ನಮ್ಮ ಬಾಗೇವಾಡಿ ಹೌದಲ್ಲ? ನಸಕಿನ್ಯಾಗ ಇಲ್ಲಿಂದ ಹೊಂಟಿದ್ವಿ, ಮಧ್ಯಾಹ್ನ ಆದ್ರೂ ಇಲ್ಲೇ ಅದೀವಿ!”

ಮಾಸ್ತರರಿಗೆ ತಕ್ಷಣ ಗಾಢ ನಿದ್ದೆ ಬಂದುಬಿಟ್ಟಿತು.

ಕಲಬುರಗಿಯ ಮನೆ ಮುಟ್ಟಿದಾಗ ಹೋಳಿಗೆ ಊಟ ಮುಗಿದು, ಪೆಂಡಾಲು ಬಿಚ್ಚುತ್ತಿದ್ದರು. ಉಡುಗೊರೆ ಕೊಡುವ ಆಯೇರಿಯಲ್ಲಿ ಹಿರಿಯ ಅಳಿಯನಿಗೆ ಮೊದಲು ಸುತ್ತಬೇಕಾದ ರುಮಾಲು ಸಂಜೀವಕುಮಾರನ ತಲೆಯ ಮೇಲೆ ಮೆರೆಯುತ್ತಿತ್ತು! ಬಸ್ಸಿಗೆ ಬಂದು, ಎಲ್ಲರಿಗಿಂತ ಮೊದಲು ಪಂಕ್ತಿಗೆ ಕೂತಿದ್ದನಂತೆ.

“ಅಣ್ಣಾರ, ಪುಣ್ಯವಂತ್ರು ನೀವು!” ಎಂದ ಸಂಜೀವಕುಮಾರ. “ನಾ ಇನ್ನೂ ಒಮ್ಮೀನೂ ವಿಮಾನ ಹತ್ತಿಲ್ರಿ.”

“ಮತ್ತ ಆ ಫೋಟೊ?”

“ನಮ್ಮ ಸಾಹೇಬ್ರನ್ನ ಬಿಡಾಕ ಹೋಗಿದ್ದೆ, ಹೊರಗ ನಿಂತು ತಗಸಿದ್ದೆ. ನಿಮ್ಮ ಬೋರ್ಡಿಂಗ್ ಪಾಸ್ ನನಗ ಕೊಡ್ರಿ, ಗೆಳ್ಯಾರಿಗೆ ತೋರಸ್ತೇನಿ. ಬೇಕಾದ್ರ ಈ ರುಮಾಲು ನೀವು ತಗೊಳ್ರಿ!”

ಪಾಸು ಅತ್ತ ಹೋಯಿತು, ರುಮಾಲು ಇತ್ತ ಬಂತು. ಮಾಸ್ತರರು ಸುತ್ತಿಕೊಂಡು, ಎದೆ ಉಬ್ಬಿಸಿ ನಿಂತರು. ಆಗ ಅತ್ತೆ ಗುರವ್ವ ಒಳಗಿನಿಂದ ಮಿರಮಿರ ಮಿಂಚುವ ಗಂಟು ಹಿಡಿದು ಬಂದಳು.

“ಹಿರೇ ಅಳಿಯಾರಿಗಂತ ಜರದ ರುಮಾಲು ತಗದು ಇಟ್ಟಿದ್ದೆ. ಅಯ್ಯ, ನೀವಾಗ್ಲೇ ಸುತಗೊಂಡೀರಲ್ರಿ! ಇರ್ಲಿ ಬಿಡ್ರಿ, ಪಾಪ, ಸಂಜೀವನ ತಲಿ ಬರಿದಾಗೇತಿ.”

ಎಂದವಳೇ ಜರದ ರುಮಾಲನ್ನು ಸಣ್ಣ ಅಳಿಯನಿಗೆ ಸುತ್ತಿದಳು! ಅವನ ಕಿಸೆಯಿಂದ ಬೋರ್ಡಿಂಗ್ ಪಾಸು ಇಣುಕುತ್ತಿತ್ತು.

ಮಾಸ್ತರರು ಚೀಲ ಹೆಗಲಿಗೇರಿಸಿ, “ನಡಿ, ಊರಿಗೆ ಹೋಗೂಣು,” ಎಂದರು.

ವಿಜಯಶ್ರೀ ಸೆರಗು ಬಾಯಿಗೊತ್ತಿ ಕೇಳಿದಳು:

“ಬೆಳಗಾವಿ ಮ್ಯಾಲಿಂದಾನ್ರಿ?”