ಹತ್ತನೆಯ ಆಲ್ಬಮ್

ಸಂಜೆ ಪತ್ರಿಕೆಯ ಉಪಸಂಪಾದಕಿ ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಮಾಡಿ, "ಸಾರ್, ನಿಮಗೆ ತುಂಬಾ ಇಷ್ಟವಾದ ಹತ್ತು ಆಲ್ಬಮ್ ಯಾವುವು? ಇವತ್ತಿನ ಕೊನೇ ಪುಟಕ್ಕೆ ಒಂದೊಂದಕ್ಕೂ ಎರಡೆರಡು ಸಾಲು ಬರೆದು ಹನ್ನೆರಡರೊಳಗೆ ಕಳಿಸ್ತೀರಾ?" ಎಂದು ಕೇಳಿದ್ದರಿಂದ ಈ ಫಜೀತಿಯೆಲ್ಲ ಶುರುವಾಯಿತು. ದಪ್ಪತಂತಿಯ ಹತ್ತಿರ ಅಭಿಪ್ರಾಯ ಕೇಳುವುದೂ ಕೆರೆಯ ಕಟ್ಟೆ ಒಡೆಯುವುದೂ ಒಂದೇ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವವನಾದ್ದರಿಂದ ಅವನಿಗೆ ದಪ್ಪತಂತಿ ಎಂದು ಹೆಸರು. ಪಕ್ಕದಲ್ಲಿ ಲೀಡ್ ಗಿಟಾರ್ ನುಡಿಸುತ್ತಿದ್ದ ಗೆಳೆಯ ಸಣ್ಣತಂತಿ. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ವೇದಿಕೆ ಮೇಲೆ ನಿಂತು ನುಡಿಸಿದವರು, ಒಂದೇ ವ್ಯಾನಿನಲ್ಲಿ ಗೊರಕೆ ಹೊಡೆದವರು. ಹಾಡುಗಾರ ನೀರು ಕುಡಿಯಲು ಹೋದಾಗಲೇ ರಾಕ್ ಬ್ಯಾಂಡಿನ ಯೋಗ್ಯತೆ ತಿಳಿಯುವುದು ಎನ್ನುತ್ತಿದ್ದ ದಪ್ಪತಂತಿ. ಕೀಬೋರ್ಡ್ ಹೆಚ್ಚಾದ ಆಲ್ಬಮ್ ಸಕ್ಕರೆ ಹೆಚ್ಚಾದ ಚಹಾ ಎನ್ನುತ್ತಿದ್ದ. ಯಾರೂ ಕೇಳದಿದ್ದರೂ ಎನ್ನುತ್ತಿದ್ದ.

ಹೇಳದೆ ಉಳಿಸಿಕೊಂಡ ಅಭಿಪ್ರಾಯ ಒಂದೇ ಒಂದು. ಎರಡು ವರ್ಷದ ಹಿಂದೆ ಸಣ್ಣತಂತಿ ಒಬ್ಬನೇ ಕೂತು, ಹಾಡಿಲ್ಲದ, ಬರೀ ಗಿಟಾರಿನ ಒಂದು ಆಲ್ಬಮ್ ಮಾಡಿದ. ಮೊದಲ ಸಿ.ಡಿ.ಯನ್ನು ತಂದು ಇವನ ಕೈಗಿಟ್ಟು, "ಹೇಗಿದೆ ಹೇಳೋ" ಎಂದ. ಅಲ್ಲೇ ಕೂತು ಇಡೀ ಆಲ್ಬಮ್ ಕೇಳಿದ ದಪ್ಪತಂತಿ, ತನ್ನನ್ನು ನುಡಿಸಲು ಕರೆಯಲಿಲ್ಲವೆಂಬ ಹೊಟ್ಟೆಯುರಿಗೆ, "ಬೇಸ್ ಇಲ್ಲ" ಎಂದಷ್ಟೇ ಹೇಳಿ ಎದ್ದ. ಆಮೇಲೆ ಮನೆಯಲ್ಲಿ ಒಬ್ಬನೇ ಕೇಳುವಾಗ ಮೂರನೆಯ ರಚನೆಗೆ ಬಿಕ್ಕಿ ಬಿಕ್ಕಿ ಅತ್ತ. ಅಷ್ಟು ಒಳ್ಳೆಯದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಿರುವಾಗಲೇ ಎದೆನೋವೆಂದು ಆಸ್ಪತ್ರೆಗೆ ಹೋದ ಸಣ್ಣತಂತಿ ತಿರುಗಿ ಬರಲಿಲ್ಲ.

ಈಗ ಹೇಳುವ ಅವಕಾಶ ಬಂದಿತ್ತು, ಅದೂ ಅಚ್ಚಿನಲ್ಲಿ. ದಪ್ಪತಂತಿ ಮೊದಲು ಗೆಳೆಯನ ಹೆಂಡತಿಗೆ ಫೋನ್ ಮಾಡಿದ.

"ಅತ್ತಿಗೆ, ಮನೆ ಖಾಲಿ ಮಾಡೋದು ಎಲ್ಲಿಗೆ ಬಂತು?"

"ಭಾನುವಾರ ತಂಗಿ ಮನೆಗೆ ಹೋಗ್ತೀನಪ್ಪಾ. ಇವರು ಮಾಡಿಸಿದ ಆ ಗಿಟಾರ್ ಸಿ.ಡಿ. ಮಾರಾಟವಾಗದೆ ನಾಲ್ಕು ಪೆಟ್ಟಿಗೆ ಹಾಗೇ ಬಿದ್ದಿವೆ. ಅವಳ ಮನೇಲಿ ನನಗೇ ಜಾಗ ಇಲ್ಲ, ಇವಕ್ಕೆಲ್ಲಿಂದ ತರಲಿ?"

"ಸಂಜೆ ಪೇಪರ್ ನೋಡಿ ಅತ್ತಿಗೆ. ಕೊನೇ ಪುಟ, ಕಟ್ಟಕಡೆಯಲ್ಲಿ. ಆ ಪೆಟ್ಟಿಗೆಗಳಿಗೆ ಒಂದು ದಾರಿ ಆಗುತ್ತೆ."

"ಏನು ಬರುತ್ತಪ್ಪಾ?"

"ನೋಡಿದ್ರೆ ನಿಮಗೇ ಗೊತ್ತಾಗುತ್ತೆ," ಎಂದು ಫೋನ್ ಇಟ್ಟ. ಅವರಿಗೆ ಆಶ್ಚರ್ಯವಾಗಲಿ, ಸಂತೋಷದಿಂದ ಎರಡು ಹನಿ ಕಣ್ಣೀರು ಬರಲಿ ಎಂದು ಅವನ ಆಸೆ.

ಪಟ್ಟಿ ಅರ್ಧವಾಗುವಷ್ಟರಲ್ಲಿ ಬ್ಯಾಂಡಿನ ಡ್ರಮ್ಮರ್ ಬಂದು ಒಕ್ಕರಿಸಿದ. ಭುಜದ ಮೇಲಿನಿಂದ ಇಣುಕಿ, "ಇದೇನಯ್ಯ, ಹನ್ನೊಂದು ನಿಮಿಷದ ಡ್ರಮ್ ಸೋಲೋ ಇರೋ ಆಲ್ಬಮ್ಮೇ ಇಲ್ಲ!" ಎಂದ.

"ಅದು ಸೋಲೋ ಅಲ್ಲ, ಮನೆ ರಿಪೇರಿ."

"ಹಾಗಾದ್ರೆ ಶನಿವಾರದ ಪ್ರೋಗ್ರಾಮಿಗೆ ನೀನೇ ಡ್ರಮ್ಸ್ ಹೊತ್ಕೊಂಡು ಬಾ."

ಮನೆ ರಿಪೇರಿ ಐದನೆಯ ಸ್ಥಾನಕ್ಕೆ ಸೇರಿತು. ಅಷ್ಟರಲ್ಲಿ ಈ ಗದ್ದಲ ಕೇಳಿ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಕೆಂಪು ಪೆನ್ನಿನ ಸಮೇತ ಇಳಿದು ಬಂದರು. "ಮೂರು ವರ್ಷದಿಂದ ನನ್ನ ನೆಲ ಗುಂಯ್ ಅಂತಿದೆ. ನಿದ್ದೆ ಬರೋ ಅಂಥದ್ದೂ ಒಂದು ಹಾಕಿ," ಎಂದು ಪಟ್ಟು ಹಿಡಿದರು. ಅವರಿಗೋಸ್ಕರ ಪಿಯಾನೋ ಆಲ್ಬಮ್ ಒಂದು ಬಂತು. ಬಂದಿದ್ದಕ್ಕೆ ಋಣ ತೀರಿಸುವಂತೆ ಮೇಷ್ಟ್ರು ಎಂಟು ಕಾಗುಣಿತದ ತಪ್ಪು ತಿದ್ದಿದರು. ಹನ್ನೊಂದೂಮುಕ್ಕಾಲರ ಹೊತ್ತಿಗೆ ದಪ್ಪತಂತಿಯ ಪಟ್ಟಿಯಲ್ಲಿ ದಪ್ಪತಂತಿಯ ಅಭಿಪ್ರಾಯ ಹುಡುಕಬೇಕಾಗಿತ್ತು.

"ಈ ಹತ್ತನೇದು ನಮ್ಮವನದ್ದಲ್ವಾ?" ಡ್ರಮ್ಮರ್ ದನಿ ತಗ್ಗಿಸಿದ. "ಬೇಡ ಕಣೋ. ಸತ್ತವನ ಮೇಲಿನ ಪ್ರೀತಿಗೆ ಹಾಕಿದ ಅಂತಾರೆ."

"ಅದೊಂದನ್ನ ಮುಟ್ಟಿದ್ರೆ ಕೈ ಮುರೀತೀನಿ!"

ದಪ್ಪತಂತಿಯ ಕಣ್ಣು ತುಂಬಿದ್ದನ್ನು ಕಂಡು ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು.

"ಅಷ್ಟು ಇಷ್ಟ ಅಂದ್ರೆ ಮೊದಲನೇದಾಗಿ ಹಾಕಿ," ಎಂದರು ಮೆಲ್ಲಗೆ.

"ಎಲ್ಲಾದರೂ ಉಂಟಾ ಮೇಷ್ಟ್ರೇ!" ಡ್ರಮ್ಮರನೂ ದಪ್ಪತಂತಿಯೂ ಒಟ್ಟಿಗೇ ಹೇಳಿದರು. ಅತ್ಯುತ್ತಮವಾದದ್ದನ್ನು ಮೊದಲೇ ನುಡಿಸಿಬಿಟ್ಟರೆ ಜನ ಎದ್ದು ಹೋಗುತ್ತಾರೆ. ಅದನ್ನು ಕಟ್ಟಕಡೆಗೆ ಇಟ್ಟುಕೊಳ್ಳಬೇಕು. ವೇದಿಕೆ ಹತ್ತಿದ ಯಾರಿಗಾದರೂ ಗೊತ್ತಿರುವ ವಿಷಯ. ಹತ್ತನೆಯದರ ಮುಂದೆ ದಪ್ಪತಂತಿ ಬರೆದ: "ಇದರಲ್ಲಿ ಬೇಸ್ ಬೇಕಾಗಿಯೇ ಇರಲಿಲ್ಲ. ಇದಕ್ಕಿಂತ ಒಳ್ಳೆಯದನ್ನು ನಾನು ಕೇಳಿಲ್ಲ, ಇದನ್ನು ಅವನಿಗೆ ಹೇಳಲೂ ಇಲ್ಲ."

ನಾಲ್ಕೂವರೆಗೆ ಪತ್ರಿಕೆ ಬಂತು. ಕೊನೆಯ ಪುಟದಲ್ಲಿ ದಪ್ಪತಂತಿಯ ಹಲ್ಲು ಕಿರಿದ ಫೋಟೋ, ಅದರ ಕೆಳಗೆ ದಪ್ಪಕ್ಷರದಲ್ಲಿ, "ಬೇಸ್ ವಾದಕನ ನೆಚ್ಚಿನ ಒಂಬತ್ತು". ಮನೆ ರಿಪೇರಿ ಇತ್ತು, ಮೇಷ್ಟ್ರ ನಿದ್ದೆಯೂ ಇತ್ತು. ಹತ್ತನೆಯದು ಮಾತ್ರ ಇರಲಿಲ್ಲ.

"ಕೊನೇ ಗಳಿಗೇಲಿ ಜಾಹೀರಾತು ಬಂತು ಸಾರ್," ಎಂದಳು ಉಪಸಂಪಾದಕಿ, ದಪ್ಪತಂತಿ ಫೋನ್ ಮಾಡಿ ಕೇಳಿದಾಗ. "ಜಾಗ ಸಾಲದಿದ್ರೆ ನಾವು ಕೆಳಗಿನಿಂದ ಕತ್ತರಿಸೋದು. ಮುಖ್ಯವಾದದ್ದನ್ನ ಎಲ್ಲರೂ ಮೇಲೇ ಬರೀತಾರಲ್ಲ?"

ದಪ್ಪತಂತಿ ಆ ಜಾಹೀರಾತನ್ನು ಓದುವ ಗೋಜಿಗೂ ಹೋಗಲಿಲ್ಲ. ಅತ್ತಿಗೆಗೆ ಐದು ನಿಮಿಷ ಬಿಟ್ಟು ಫೋನ್ ಮಾಡೋಣ, ಹತ್ತು ನಿಮಿಷ ಬಿಟ್ಟು ಮಾಡೋಣ ಎನ್ನುತ್ತ ಕೂತ. ಆರು ಗಂಟೆಗೆ ಅವರೇ ಫೋನ್ ಮಾಡಿದರು.

"ದೊಡ್ಡ ಉಪಕಾರ ಮಾಡಿದೆಯಪ್ಪಾ. ನೀನು ಹೇಳಿದ ಹಾಗೆ ಕೊನೇ ಪುಟದ ಕಟ್ಟಕಡೆಯಲ್ಲೇ ಇತ್ತು, 'ಹಳೆಯ ಪುಸ್ತಕ, ಸಿ.ಡಿ. ಮನೆಗೇ ಬಂದು ಕೊಳ್ಳುತ್ತೇವೆ' ಅಂತ. ಫೋನ್ ಮಾಡಿದ ಅರ್ಧ ಗಂಟೆಗೇ ಗುಜರಿಯವರು ಬಂದ್ರು. ಬಾಗಿಲಲ್ಲೇ ಪ್ಲಾಸ್ಟಿಕ್ ಬೇರೆ, ಕಾಗದ ಬೇರೆ ಅಂತ ಎಲ್ಲಾ ಮುರಿದು ತುಂಬಿಕೊಂಡ್ರು. ನೋಡೋಕಾಗದೆ ನಾನು ಒಳಗೆ ಹೋದೆ."

ದಪ್ಪತಂತಿ ಪತ್ರಿಕೆಯನ್ನು ಎಳೆದುಕೊಂಡು ಆ ಜಾಹೀರಾತನ್ನು ಈಗ ಓದಿದ.

"ನಿನ್ನ ಪಟ್ಟಿಯನ್ನೂ ಓದಿದೆ. ಇವರದ್ದು ಇಲ್ಲ ಅಂತ ಬೇಜಾರು ಮಾಡ್ಕೋಬೇಡ. ಇವರಿಗೆ ಗೊತ್ತಿತ್ತು. 'ಅವನಿಗೆ ಹಿಡಿಸಲಿಲ್ಲ ಕಣೇ, ಆದ್ರೂ ಮುಖಸ್ತುತಿಗೆ ಒಂದು ಸುಳ್ಳು ಹೇಳಲಿಲ್ಲ ನೋಡು' ಅಂತ ಹೊಗಳ್ತಿದ್ರು. ನಿನಗೆ ಹಿಡಿಸಿದ್ದಿದ್ರೆ ನಾನು ಪೆಟ್ಟಿಗೆಗಳನ್ನ ಕೊಡ್ತಾನೇ ಇರಲಿಲ್ಲ. ಅಷ್ಟೇನೂ ಚೆನ್ನಾಗಿರಲಿಲ್ಲ, ಅಲ್ವಾ?"

ಎರಡು ವರ್ಷದಿಂದ ಬಾಯಲ್ಲಿಟ್ಟುಕೊಂಡ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ, ಬಾಗಿಲಲ್ಲಿ ಮುರಿದು ಹೋದದ್ದು ಏನೆಂದು ಅತ್ತಿಗೆಗೆ ಇವತ್ತೇ ತಿಳಿಯುತ್ತಿತ್ತು.

"ಹೂಂ ಅತ್ತಿಗೆ," ಎಂದ ದಪ್ಪತಂತಿ, "ಸುಮಾರಾಗಿತ್ತು."